ಕಾಡಿಗೆ ಎಂಥ ದುರ್ಬೀನು?

ಕಳೆದ ದೀಪಾವಳಿಗೆ ಅಮೆರಿಕದಿಂದ ಬಂದಿದ್ದ ನನ್ನ ಸೋದರಳಿಯ ಎಣ್ಣೆ-ನೀರು ಮುಗಿಸಿ, ಹೊಸ ಪಂಚೆಯುಟ್ಟು, ಕಜ್ಜಾಯದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವನು ಇದ್ದಕ್ಕಿದ್ದಂತೆ ಕೇಳಿದ: “ಮಾವ, ರೈಫಲ್ಲಿನ ಮೇಲೆ ಕೂರಿಸುವ ಸ್ಕೋಪು ಎಂಥದ್ದು ಕೊಂಡರೆ ಒಳ್ಳೆಯದು?”

ಅಡಿಗೆಮನೆಯಲ್ಲಿ ಅಕ್ಕನ ಸೌಟಿನ ಸದ್ದು ನಿಂತಿತು.

ವಿಷಯ ಇಷ್ಟು. ಅವನಿರುವುದು ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ. ಅಲ್ಲಿ ವರ್ಷ ವರ್ಷವೂ ನವೆಂಬರು ಕೊನೆಗೆ, ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಶನಿವಾರ, ರೈಫಲ್ಲಿನ ಜಿಂಕೆಬೇಟೆ ಆರಂಭವಾಗುತ್ತದೆ. ಅದಕ್ಕಾಗಿ ಸೋಮವಾರ ಶಾಲೆಗೆ ರಜೆ ಕೊಡುವ ಊರುಗಳೂ ಉಂಟಂತೆ. ಜೊತೆಯಲ್ಲಿ ಕೆಲಸಮಾಡುವವನೊಬ್ಬ ಇವನನ್ನೂ ಕರೆದಿದ್ದಾನೆ. ಇವನು ತರಗತಿಗೆ ಹೋಗಿ, ಪರೀಕ್ಷೆ ಬರೆದು, ಪರವಾನಗಿಯನ್ನೂ ಪಡೆದುಕೊಂಡಿದ್ದಾನೆ. ಇನ್ನು ಉಳಿದಿರುವುದು ಸ್ಕೋಪು.

ಅಕ್ಕ ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದು ನನ್ನ ಮೇಲೇ ತಿರುಗಿದಳು. “ಜಿಂಕೆ ಹೊಡೀತಾನಂತೆ ಜಿಂಕೆ! ನಿನ್ನನ್ನ ಕೇಳ್ತಾನಲ್ಲ, ನೀನಾದರೂ ನಾಲ್ಕು ಬುದ್ಧಿ ಹೇಳೋ.”

ನಾನು ಬೇಟೆಗಾರನಲ್ಲ. ಆದರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುರ್ಬೀನು, ಸೂಕ್ಷ್ಮದರ್ಶಕಗಳನ್ನು ಬಿಚ್ಚಿ, ಒರಸಿ, ಜೋಡಿಸಿ ಅನ್ನ ತಿಂದವನು. ಹುಡುಗ ಕೇಳಿದ್ದು ನನ್ನ ಕಸುಬಿನ ಪ್ರಶ್ನೆ. ಹೋಗುವುದು ಬಿಡುವುದು ಅವನ ಇಷ್ಟ. ಮೂವತ್ತೈದು ದಾಟಿದವನಿಗೆ ಬುದ್ಧಿ ಹೇಳುವ ಕಾಲ ಮೀರಿತು. ಆದರೆ ಹೋಗುವುದು ನಿಶ್ಚಯವಾದ ಮೇಲೆ, ಸಲ್ಲದ ಸ್ಕೋಪನ್ನು ಹೊತ್ತುಕೊಂಡು ಹೋಗಿ ಪ್ರಾಣಿಯನ್ನು ಅರೆಬರೆ ಹೊಡೆದು ಬಿಡುವುದಕ್ಕಿಂತ ಅನರ್ಥ ಇನ್ನೊಂದಿಲ್ಲ. ತೊಡೆಗೋ ಹೊಟ್ಟೆಗೋ ಗುಂಡು ತಾಕಿದ ಜಿಂಕೆ ಅಲ್ಲೇ ಬೀಳುವುದಿಲ್ಲ. ಪೊದೆಯಿಂದ ಪೊದೆಗೆ ನುಗ್ಗಿ, ಎಲ್ಲೋ ಮರೆಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಅದೇ ಹುಲಿಯಾದರೆ ಕಥೆ ಬೇರೆ. ೧೯೦೭ರಲ್ಲಿ ಕುಮಾವೂನಿನ ಚಂಪಾವತದಲ್ಲಿ ಜಿಮ್ ಕಾರ್ಬೆಟ್ ಕೊಂದ ಹೆಣ್ಣುಹುಲಿ ಅದಕ್ಕೆ ಮೊದಲು ೪೩೬ ಜನರನ್ನು ತಿಂದಿತ್ತು. ಸತ್ತ ಮೇಲೆ ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಕೋರೆಹಲ್ಲುಗಳಲ್ಲಿ ಮೇಲಿನದು ಅರ್ಧಕ್ಕೆ, ಕೆಳಗಿನದು ಬುಡದವರೆಗೆ ಮುರಿದಿದ್ದವು. ಹಿಂದೆಂದೋ ತಗಲಿದ ಗುಂಡಿನ ಗಾಯ ಅದು, ಅದರಿಂದಲೇ ಹುಲಿ ತನ್ನ ಸಹಜ ಆಹಾರವನ್ನು ಹಿಡಿಯಲಾರದೆ ಹೋಯಿತು ಎಂದು ಕಾರ್ಬೆಟ್ ಬರೆದಿದ್ದಾನೆ. ಯಾವನೋ ಒಬ್ಬನ ಗುರಿ ಒಂದು ಗೇಣು ಆಚೀಚೆಯಾಯಿತು. ಅದರ ಲೆಕ್ಕವನ್ನು ಹಳ್ಳಿಯ ಜನ ತೀರಿಸಿದರು.

ಇಷ್ಟನ್ನು ಅಕ್ಕನಿಗೆ ಹೇಳಿದೆ. “ಹಾಗಾದರೆ ಚೆನ್ನಾಗಿ ಕೊಲ್ಲೋದು ಹೇಗೆ ಅಂತ ಹೇಳಿಕೊಡ್ತೀಯ?” ಎಂದು ಕೇಳಿ ಒಳಗೆ ಹೋದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಈ ಲೇಖನವನ್ನು ಓದುವವರಲ್ಲಿ ಯಾರೂ ಬಂದೂಕು ಹಿಡಿದು ಹೊರಡದಿರಲೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಮಾಡಿತು. ೧೯೯೧ರ ತಿದ್ದುಪಡಿಯ ಮೇಲೆ ಲೈಸೆನ್ಸು ಪಡೆದು ಷೋಕಿಗಾಗಿ ಬೇಟೆಯಾಡುವ ದಾರಿಯೂ ಮುಚ್ಚಿಹೋಯಿತು. ಮನುಷ್ಯರ ಪ್ರಾಣಕ್ಕೆ ಎರವಾದ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಕೊಡುವ ಅಪ್ಪಣೆಯಂಥವು ಮಾತ್ರ ಉಳಿದಿವೆ. ಹಾಗಾದರೆ ಚೆನ್ನೈಯಲ್ಲಿ ಕುಳಿತವರಿಗೆ ಈ ಸ್ಕೋಪಿನ ಪುರಾಣ ಏಕೆಂದರೆ, ರೈಫಲ್ಲಿನ ಸ್ಕೋಪಿಗೂ ಗಿಂಡಿಯ ಕಾಡಿಗೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಕೊರಳಿಗೆ ಹಾಕಿಕೊಳ್ಳುವ ಜೋಡು ದುರ್ಬೀನಿಗೂ ಲೆಕ್ಕ ಒಂದೇ. ಕಾಡಿನಲ್ಲಿ ದುರ್ಬೀನು ಎಷ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂಬುದು ಹಿಂದಿನ ಮಾತು. ಎಷ್ಟು ಬೆಳಕು ಕೊಡುತ್ತದೆ, ಎಷ್ಟು ಅಗಲ ತೋರಿಸುತ್ತದೆ ಎಂಬುದೇ ಮುಂದಿನ ಮಾತು. ಅಂಗಡಿಯವನು ಇದನ್ನು ತಿರುಗಾಮುರುಗಾ ಹೇಳುತ್ತಾನೆ.

ನಮ್ಮ ತಂದೆಯವರು ಹುಟ್ಟಿ ಬೆಳೆದದ್ದು ದೇಂಕಣಿಕೋಟೆಯ ಸೀಮೆಯಲ್ಲಿ. ಆಗ ಅದು ಸೇಲಂ ಜಿಲ್ಲೆ. ೧೯೬೫ರಲ್ಲಿ ಧರ್ಮಪುರಿಗೂ ೨೦೦೪ರಲ್ಲಿ ಕೃಷ್ಣಗಿರಿಗೂ ಸೇರಿತು. ಜಿಲ್ಲೆ ಯಾವುದಾದರೂ ಹಳ್ಳಿಗಳ ಕನ್ನಡ ಹೋಗಲಿಲ್ಲ. ದೇಂಕಣಿಕೋಟೆ, ಜವಳಗಿರಿ, ಅಂಚೆಟ್ಟಿ ಎಂಬ ಹೆಸರುಗಳು ಬೆಂಗಳೂರಿನ ಕೆನೆತ್ ಆಂಡರ್ಸನ್ನನ ಶಿಕಾರಿ ಕಥೆಗಳನ್ನು ಓದಿದವರಿಗೆಲ್ಲ ಗೊತ್ತು. ಅವನ ಮೊದಲ ಪುಸ್ತಕ ಬಂದದ್ದು ೧೯೫೪ರಲ್ಲಿ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ಅವನನ್ನು ಕನ್ನಡಕ್ಕೆ ತಂದರು. ಆ ಕಥೆಗಳಲ್ಲಿ ಬರುವ ಆಯುಧ .೪೦೫ ವಿಂಚೆಸ್ಟರ್ ರೈಫಲ್ಲು. ರಾತ್ರಿ ಮರದ ಮೇಲೆ ಕಾಯುವಾಗ ಅದಕ್ಕೆ ಟಾರ್ಚು ಬಿಗಿದುಕೊಳ್ಳುತ್ತಿದ್ದ. ಗುರಿ ಹಿಡಿಯುವುದು ಮಾತ್ರ ನಳಿಗೆಯ ತುದಿಯ ಮೊಳೆಯನ್ನು ಹಿಂಬದಿಯ ಕಚ್ಚಿನಲ್ಲಿ ಕೂರಿಸಿ, ಬರಿಗಣ್ಣಿನಿಂದ.

ದುರ್ಬೀನು ಆ ಕಾಲಕ್ಕೆ ಇರಲಿಲ್ಲವೆಂದಲ್ಲ. ೧೮೬೧ರಿಂದ ೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲೇ ನಳಿಗೆಯಷ್ಟುದ್ದದ ಕೊಳವೆಗಳನ್ನು ಬಂದೂಕಿನ ಮೇಲೆ ಕಟ್ಟಿ ಹೊಡೆಯುತ್ತಿದ್ದರು. ಇಪ್ಪತ್ತನೆಯ ಶತಮಾನ ಕಣ್ಣು ಬಿಡುವ ಹೊತ್ತಿಗೆ ಜರ್ಮನಿ, ಆಸ್ಟ್ರಿಯಾದ ಬೇಟೆಗಾರರು ಒಳ್ಳೆಯ ಸ್ಕೋಪುಗಳನ್ನೇ ಬಳಸುತ್ತಿದ್ದರು. ಆದರೆ ನಮ್ಮ ಬಿದಿರುಮೆಳೆಯ ಕಾಡಿನಲ್ಲಿ ಹುಲಿ ಕಾಣಿಸುತ್ತಿದ್ದುದು ಇಪ್ಪತ್ತು ಮೂವತ್ತು ಗಜದಲ್ಲಿ, ಅದೂ ಕಣ್ಣುಮುಚ್ಚಿ ತೆಗೆಯುವಷ್ಟು ಹೊತ್ತು. ಅಂದಿನ ಸ್ಕೋಪುಗಳು ತೋರಿಸುತ್ತಿದ್ದ ಅಗಲ ಬಹಳ ಕಿರಿದು. ಮಳೆಯಲ್ಲಿ ಒಳಗೆಲ್ಲ ಹಬೆ ಕಟ್ಟುತ್ತಿತ್ತು. ದೊಡ್ಡ ರೈಫಲ್ಲಿನ ಒದೆತಕ್ಕೆ ತಿರುಪುಗಳು ಸಡಿಲುತ್ತಿದ್ದವು. ಬರಿಗಣ್ಣೇ ವಾಸಿ ಎಂದು ಅನುಭವಸ್ಥರು ನಿರ್ಧರಿಸಿದ್ದರೆ ಅದು ಹಟವೆನ್ನಲಾಗದು. ದುರ್ಬೀನಿಲ್ಲದಿದ್ದರೆ ಗುರಿಯೇ ಇಲ್ಲವೆನ್ನುವವರು ನೆನಪಿಡಬೇಕು: ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದ ಹತ್ತು ಮೀಟರಿನ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ, ಸಣ್ಣ ತೂತಿನ ಮೂಲಕ ನೋಡಿ ಹೊಡೆಯಬೇಕು.

ನಮ್ಮ ಮನೆಯ ಟ್ರಂಕಿನಲ್ಲೂ ಒಂದು ಸ್ಕೋಪಿದೆ. ಎಸ್ಟೇಟಿನ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ತಂದೆಯವರಿಗೆ ಕೊಟ್ಟದ್ದು. ರೈಫಲ್ಲು ಎಂದೋ ಕೈ ಬಿಟ್ಟಿತು, ಇದು ತೊಗಲಿನ ಚೀಲದಲ್ಲಿ ಉಳಿಯಿತು. ನಾಲ್ಕು ಪಟ್ಟಿನ ಜರ್ಮನ್ ಸಾಮಾನು. ಅದನ್ನೇ ತೆಗೆದು ಅಳಿಯನ ಕೈಗಿಟ್ಟು ಪಾಠ ಆರಂಭಿಸಿದೆ.

ಸ್ಕೋಪಿನ ಮೇಲೆ ೪×೩೨ ಎಂದು ಕೆತ್ತಿರುತ್ತಾರೆ. ಮೊದಲನೆಯ ಅಂಕೆ, ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂಬದಿಯ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ೩–೯×೪೦ ಎಂದಿದ್ದರೆ ಉಂಗುರ ತಿರುಗಿಸಿ ಮೂರರಿಂದ ಒಂಬತ್ತು ಪಟ್ಟಿನವರೆಗೆ ಬದಲಾಯಿಸಬಹುದು. ಅಮೆರಿಕದಲ್ಲಿ ಬಹಳವಾಗಿ ಮಾರಾಟವಾಗುವ ಬಗೆ ಇದೇ. ಅಳಿಯನ ಸ್ನೇಹಿತರೂ ಇದನ್ನೇ ಹೇಳಿದ್ದರು. ಒಬ್ಬನಂತೂ ಹದಿನಾರು ಪಟ್ಟಿನದು ಕೊಳ್ಳೆಂದು ಹಿಡಿದು ಕೂತಿದ್ದನಂತೆ.

“ನೀನು ಹೋಗುವ ಕಾಡಿನಲ್ಲಿ ಜಿಂಕೆ ಎಷ್ಟು ದೂರದಲ್ಲಿ ಕಾಣುತ್ತದೆ?” ಎಂದು ಕೇಳಿದೆ.

“ಮರ ದಟ್ಟ ಮಾವ. ಮೂವತ್ತು ಗಜ, ಐವತ್ತು ಗಜ. ನೂರು ಗಜ ಅಂದರೆ ಬಹಳ ಆಯಿತು ಅಂತಾರೆ.”

ಹಾಗಾದರೆ ಲೆಕ್ಕ ಮಾಡೋಣವೆಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಒಂಬತ್ತು ಪಟ್ಟಿಗೆ ತಿರುಗಿಸಿದ ಸ್ಕೋಪು ನೂರು ಮೀಟರು ದೂರದಲ್ಲಿ ಸುಮಾರು ನಾಲ್ಕೂವರೆ ಮೀಟರು ಅಗಲವನ್ನು ತೋರಿಸುತ್ತದೆ. ಮೂವತ್ತು ಮೀಟರಿಗೆ ಬಂದರೆ ಆ ಅಗಲ ಒಂದೂಕಾಲು ಮೀಟರು ಚಿಲ್ಲರೆ. ಜಿಂಕೆಯ ಮೈ ಅದಕ್ಕಿಂತ ಉದ್ದ! ಕಣ್ಣಿಟ್ಟರೆ ಕಾಣುವುದು ಕಂದು ಕೂದಲಿನ ಒಂದು ತುಂಡು. ಅದು ಭುಜವೋ, ಪಕ್ಕೆಯೋ, ತೊಡೆಯೋ ಹೇಳುವಂತಿಲ್ಲ. ಪ್ರಾಣಿ ನಾಲ್ಕು ಹೆಜ್ಜೆ ಸರಿದರೆ ಅದನ್ನು ಮತ್ತೆ ಹುಡುಕುತ್ತ ಮರದ ತೊಗಟೆಯನ್ನು ನೋಡುತ್ತಿರಬೇಕು. ಅರೆಬರೆ ಗಾಯಗಳು ಹುಟ್ಟುವುದು ಇಂಥ ಕಡೆಯೇ. ಒಂದರಿಂದ ನಾಲ್ಕು ಪಟ್ಟಿನ ಸ್ಕೋಪನ್ನು ಒಂದಕ್ಕೆ ತಿರುಗಿಸಿಟ್ಟರೆ ನೂರು ಮೀಟರಿನಲ್ಲಿ ಮೂವತ್ತು ಮೀಟರಿಗೂ ಮಿಗಿಲಾದ ಅಗಲ ಕಾಣುತ್ತದೆ. ಎರಡೂ ಕಣ್ಣು ತೆರೆದೇ ನೋಡಬಹುದು. ಹತ್ತಿರದಲ್ಲಿ ನುಗ್ಗಿ ಬರುವ ಹಂದಿಯ ಮೇಲೂ ಕಣ್ಣು ನಿಲ್ಲುತ್ತದೆ. ಯೂರೋಪಿನಲ್ಲಿ ಕಾಡು ಸೋಹಿ ಹಂದಿಯನ್ನು ಅಟ್ಟಿಸಿ ಹೊಡೆಯುವವರು ಇಂಥದ್ದನ್ನೇ ಮೆಚ್ಚುತ್ತಾರೆ.

ಇನ್ನು ಬೆಳಕು. ಪೆನ್ಸಿಲ್ವೇನಿಯದಲ್ಲಿ ಜಿಂಕೆ ಹೊಡೆಯಲು ಕಾನೂನು ಕೊಟ್ಟಿರುವ ವೇಳೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತವಾದ ಅರ್ಧ ಗಂಟೆಯವರೆಗೆ. ಜಿಂಕೆಗಳು ಓಡಾಡುವುದೂ ಆ ಎರಡು ಮಬ್ಬು ಹೊತ್ತಿನಲ್ಲೇ. ಸ್ಕೋಪನ್ನು ಒಂದು ಮೊಳ ದೂರ ಹಿಡಿದು ನೋಡಿದರೆ ಹಿಂಬದಿಯ ಗಾಜಿನಲ್ಲಿ ಬೆಳಕಿನ ಚಿಕ್ಕ ಬಿಲ್ಲೆಯೊಂದು ಕಾಣುತ್ತದೆ. ಮುಂಬದಿಯ ಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಆ ಬಿಲ್ಲೆಯ ಅಳತೆ ಸಿಗುತ್ತದೆ: ೪×೩೨ಕ್ಕೆ ಎಂಟು ಮಿಲಿಮೀಟರು, ೯×೪೦ಕ್ಕೆ ನಾಲ್ಕೂವರೆಗಿಂತ ತುಸು ಕಡಿಮೆ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಏಳು ಮಿಲಿಮೀಟರಿನಷ್ಟು ಅರಳುತ್ತದೆ. ವಯಸ್ಸು ಐವತ್ತು ದಾಟಿದ ಮೇಲೆ ಸಾಮಾನ್ಯವಾಗಿ ಐದರ ಸುತ್ತಮುತ್ತ. ಪಾಪೆಗಿಂತ ಬಿಲ್ಲೆ ಚಿಕ್ಕದಾದರೆ ಚಿತ್ರ ಮಂಕು. ಬಹಳ ದೊಡ್ಡದಾದರೆ ಮಿಕ್ಕ ಬೆಳಕು ಕಣ್ಣಿನ ಹೊರಗೆ ಬಿದ್ದು ವ್ಯರ್ಥವಾಗುತ್ತದೆ, ಆದರೆ ಒಂದು ಪ್ರಯೋಜನವುಂಟು: ಅವಸರದಲ್ಲಿ ಕಣ್ಣು ಸ್ವಲ್ಪ ಆಚೀಚೆಯಾದರೂ ಚಿತ್ರ ಮಾಯವಾಗುವುದಿಲ್ಲ.

ಹೀಗೆಂದ ಮಾತ್ರಕ್ಕೆ ಹೆಚ್ಚು ಪಟ್ಟು ಕಾಡಿಗೆ ಎಲ್ಲಿಯೂ ಸಲ್ಲದೆಂದು ನಾನು ಹೇಳುವುದಿಲ್ಲ. ಜರ್ಮನರು ಕಾಡಿನ ಅಂಚಿನ ಬಯಲಿಗೆ ಎದುರಾಗಿ ಮರದ ಅಟ್ಟಣೆಯ ಮೇಲೆ ಕುಳಿತು, ಕತ್ತಲಾಗುವವರೆಗೆ ಕಾಯುತ್ತಾರೆ. ಅವರಿಗೆ ಪ್ರಿಯವಾದದ್ದು ೮×೫೬. ಭಾಗಿಸಿ ನೋಡಿ, ಸರಿಯಾಗಿ ಏಳು! ಆದರೆ ಅದು ಭಾರವಾದ, ಎತ್ತರವಾಗಿ ಕೂರುವ ಸಾಮಾನು. ಕಾಡಿನೊಳಗೆ ನಡೆಯುವವನಿಗಲ್ಲ, ಕುಳಿತು ಕಾಯುವವನಿಗೆ.

ಗಾಜಿನ ಮೇಲಿನ ಲೇಪದ ವಿಷಯವನ್ನು ಅಂಗಡಿಗಳಲ್ಲಿ ವಿವರಿಸುವುದೇ ಇಲ್ಲ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ನೂರಕ್ಕೆ ನಾಲ್ಕೈದು ಪಾಲು ಬೆಳಕನ್ನು ಹಿಂದಕ್ಕೆ ತಿರುಗಿಸಿಬಿಡುತ್ತದೆ. ಸ್ಕೋಪಿನಲ್ಲಿ ಅಂಥ ಹತ್ತು ಮೈಗಳಿದ್ದರೆ ಮೂರನೆಯ ಒಂದು ಪಾಲು ಬೆಳಕು ದಾರಿಯಲ್ಲೇ ಖರ್ಚು. ಸಾಲದುದಕ್ಕೆ ಆ ಚೆದರಿದ ಬೆಳಕು ಒಳಗೆಲ್ಲ ಮಂಜಿನಂತೆ ಹರಡಿಕೊಳ್ಳುತ್ತದೆ. ಇದಕ್ಕೆ ತೆಳುವಾದ ಲೇಪ ಹಚ್ಚುವ ಉಪಾಯವನ್ನು ೧೯೩೫ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಕಂಡುಹಿಡಿದ. ಇಂದಿನ ಒಳ್ಳೆಯ ಗಾಜುಗಳಿಗೆ ಹಲವು ಪದರಗಳ ಲೇಪವಿದ್ದು, ನೂರಕ್ಕೆ ತೊಂಬತ್ತು ಪಾಲು ಬೆಳಕು ಕಣ್ಣಿಗೆ ಮುಟ್ಟುತ್ತದೆ. ನಮ್ಮ ಟ್ರಂಕಿನ ಸ್ಕೋಪಿಗೆ ಲೇಪವಿಲ್ಲ. ಸಂಜೆ ಆರಕ್ಕೆ ಮಹಡಿಯ ಮೇಲೆ ನಿಂತು ಅದರಲ್ಲಿ ಎದುರುಮನೆಯ ತೆಂಗಿನಮರವನ್ನು ನೋಡಿದ ಅಳಿಯ, “ಬರಿಗಣ್ಣೇ ವಾಸಿ ಮಾವ” ಎಂದ. ಅಗ್ಗದ ಹೊಸ ಸ್ಕೋಪುಗಳಲ್ಲಿ ಹೊರಮೈಗೆ ಮಾತ್ರ ಬಣ್ಣದ ಲೇಪ ಹಚ್ಚಿ, ಒಳಗೆ ಬರಿಯ ಗಾಜು ಇಟ್ಟಿರುವುದನ್ನು ನಾನೇ ಬಿಚ್ಚಿ ಕಂಡಿದ್ದೇನೆ. ಅಂಥದ್ದರ ಹದಿನಾರು ಪಟ್ಟಿಗಿಂತ ಒಳ್ಳೆಯದರ ನಾಲ್ಕು ಪಟ್ಟು ಎಷ್ಟೋ ಮೇಲು.

ಗುರಿಗೆರೆಗಳನ್ನು ನೋಡಿ ಕೊಳ್ಳಬೇಕು. ಕೂದಲಿನಂಥ ಸಣ್ಣ ಅಡ್ಡಗೆರೆಗಳು ಅಂಗಡಿಯ ದೀಪದ ಕೆಳಗೆ ಅಂದವಾಗಿರುತ್ತವೆ. ಮಬ್ಬಿನಲ್ಲಿ ಮರದ ಕಾಂಡಕ್ಕೆ ಎದುರು ಕಾಣಿಸುವುದೇ ಇಲ್ಲ. ಅಂಚಿನಲ್ಲಿ ದಪ್ಪಗಿದ್ದು ನಡುವೆ ತೆಳ್ಳಗಾಗುವ ಗೆರೆಗಳು ಕಾಡಿಗೆ ತಕ್ಕವು. ನಡುವೆ ಕೆಂಪು ಚುಕ್ಕೆ ಬೆಳಗುವ ಸ್ಕೋಪುಗಳೂ ಇವೆ. ಚುಕ್ಕೆಯನ್ನು ಮಂಕಾಗಿ ಇಟ್ಟುಕೊಳ್ಳಲು ಬರುವಂತಿದ್ದರೆ ಒಳ್ಳೆಯದೇ, ಇಲ್ಲದಿದ್ದರೆ ಅದರ ಪ್ರಭೆಯೇ ಕಣ್ಣು ಕೋರೈಸುತ್ತದೆ.

ಕಣ್ಣಿಗೂ ಗಾಜಿಗೂ ನಡುವೆ ಒಂಬತ್ತು ಸೆಂಟಿಮೀಟರಿನಷ್ಟಾದರೂ ಎಡೆ ಇರಬೇಕು. ಗುಂಡು ಹಾರಿದಾಗ ರೈಫಲ್ಲು ಹಿಂದಕ್ಕೆ ಒದೆಯುತ್ತದೆ. ಕಣ್ಣು ಹತ್ತಿರವಿದ್ದರೆ ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಬರೆದು ಹೋಗುತ್ತದೆ. ಹಾಗೆಯೇ, ಸ್ಕೋಪಿಗೆ ಸಾವಿರಗಟ್ಟಲೆ ಸುರಿದು ಅದನ್ನು ಹಿಡಿಯುವ ಬಳೆಗಳಲ್ಲಿ ಜಿಪುಣತನ ಮಾಡುವವರು ಬಹಳ ಮಂದಿ. ಬಳೆ ಕೂದಲೆಳೆಯಷ್ಟು ಸರಿದರೂ ಸಾಕು, ನೂರು ಗಜದಲ್ಲಿ ಗುಂಡು ಅಂಗುಲಗಟ್ಟಲೆ ಬೇರೆಡೆಗೆ ಹೋಗುತ್ತದೆ. ಸಾಮಾನ್ಯವಾಗಿ ಸ್ಕೋಪಿನ ತಿರುಪು ಒಂದು ಸಲ ಟಿಕ್ಕೆಂದರೆ ನೂರು ಗಜಕ್ಕೆ ಕಾಲು ಅಂಗುಲ ಬದಲಾವಣೆ. ಕಾಡಿಗೆ ಹೋಗುವ ಮೊದಲು ಗುರಿಮೈದಾನದಲ್ಲಿ ಕಾಗದಕ್ಕೆ ಹೊಡೆದು, ತಿರುಪನ್ನು ಸರಿಪಡಿಸಿ, ಮತ್ತೆ ಹೊಡೆದು ನೋಡಲೇಬೇಕು. ಇದನ್ನು ಅಂಗಡಿಯವನೇ ಮಾಡಿಕೊಟ್ಟಿದ್ದಾನೆ ಎಂದು ನಂಬಿ ಹೋದವನ ಗುಂಡು ಎಲ್ಲಿ ಬೀಳುತ್ತದೆಂದು ದೇವರೇ ಬಲ್ಲ.

ಎಷ್ಟು ದುಡ್ಡು ಕೊಟ್ಟರೂ ಸ್ಕೋಪು ಮಾಡಲಾರದ ಕೆಲಸ ಒಂದಿದೆ. ಕಾಡಿನಲ್ಲಿ ಪ್ರಾಣಿಗೂ ನಮಗೂ ನಡುವೆ ರೆಂಬೆಗಳು, ಬಳ್ಳಿಗಳು. ಬೆರಳು ಗಾತ್ರದ ಕಡ್ಡಿ ತಗುಲಿದರೂ ಗುಂಡು ದಾರಿ ತಪ್ಪುತ್ತದೆ. ದಪ್ಪ ಗುಂಡು ಪೊದೆಯನ್ನು ಸೀಳಿಕೊಂಡು ನೇರವಾಗಿ ಹೋಗುತ್ತದೆಂಬ ಹಳೆಯ ನಂಬಿಕೆಯನ್ನು ಪರೀಕ್ಷಿಸಿ ನೋಡಿದವರೆಲ್ಲ ಅಲ್ಲಗಳೆದಿದ್ದಾರೆ. ಒಳ್ಳೆಯ ಸ್ಕೋಪು ಆ ಕಡ್ಡಿಯನ್ನು ತೋರಿಸೀತು. ಅದನ್ನು ಕಂಡು ಬೆರಳು ತಡೆಯಬೇಕಾದವನು ಮನುಷ್ಯ.

ಇಷ್ಟೆಲ್ಲ ಹೇಳಿದ ಮೇಲೆ ಕೊನೆಗೆ ನಾನು ಅಳಿಯನಿಗೆ ಮೊದಲು ಕೊಳ್ಳೆಂದದ್ದು ಸ್ಕೋಪನ್ನಲ್ಲ, ಜೋಡು ದುರ್ಬೀನನ್ನು. ಸ್ಕೋಪಿನಿಂದ ನೋಡುವುದೆಂದರೆ ನಳಿಗೆಯನ್ನೂ ಆ ಕಡೆಗೇ ಚಾಚುವುದು. ಪೊದೆಯಲ್ಲಿ ಅಲುಗಿದ್ದು ಜಿಂಕೆಯೋ ಮನುಷ್ಯನೋ ಎಂದು ತಿಳಿಯಲು ಅವನ ಎದೆಗೆ ಬಂದೂಕು ಗುರಿಮಾಡಿ ನೋಡಿದರೆ ಅದಕ್ಕಿಂತ ಮೂರ್ಖತನವುಂಟೇ? ಬೇಟೆಯ ಕಾಲದಲ್ಲಿ ಎಲ್ಲರೂ ಕಣ್ಣಿಗೆ ರಾಚುವ ಕಿತ್ತಲೆ ಬಣ್ಣದ ಅಂಗಿ ತೊಡಬೇಕೆಂದು ಆ ಸಂಸ್ಥಾನದ ಕಾನೂನಿರುವುದೂ ಈ ಭಯಕ್ಕೇ. ಅಲ್ಲದೆ ಅಲ್ಲಿ ಬಹುಭಾಗದಲ್ಲಿ ಗಂಡುಜಿಂಕೆಯ ಕೊಂಬಿಗೆ ಒಂದು ಬದಿಯಲ್ಲಿ ಮೂರು ಕವಲಾದರೂ ಇದ್ದರೆ ಮಾತ್ರ ಹೊಡೆಯಬಹುದು. ಕವಲೆಣಿಸುವುದು ಜೋಡು ದುರ್ಬೀನಿನ ಕೆಲಸ.

ಇಲ್ಲಿಂದಾಚೆಗೆ ನಮ್ಮೆಲ್ಲರ ಪ್ರಸಂಗ. ಅಳಿಯ ವಿಮಾನ ಹತ್ತುವ ಮೊದಲು ಒಂದು ಬೆಳಿಗ್ಗೆ ಅವನನ್ನೂ ಅಕ್ಕನನ್ನೂ ಗಿಂಡಿಗೆ ಕರೆದುಕೊಂಡು ಹೋದೆ. ೨.೭ ಚದರ ಕಿಲೋಮೀಟರಿನ ಈ ಕಾಡು ಹಿಂದೆ ಗವರ್ನರ ಬಂಗಲೆಯ ಆವರಣ. ೧೯೭೮ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಊರಿನ ನಡುವೆ ಚುಕ್ಕೆಜಿಂಕೆ, ಕೃಷ್ಣಮೃಗಗಳು ಮೇಯುವುದನ್ನು ನೋಡಬಹುದಾದ ಪಟ್ಟಣ ಬೇರೆ ಎಷ್ಟಿವೆ? ಅಲ್ಲಿ ಎರಡು ಜೋಡು ದುರ್ಬೀನುಗಳನ್ನು ಹೋಲಿಸಿ ತೋರಿಸಿದೆ. ನೆರೆಯವರಿಂದ ಎರವಲು ತಂದದ್ದು ೨೦×೫೦. ಭಾಗಿಸಿದರೆ ಎರಡೂವರೆ ಮಿಲಿಮೀಟರು. ಮರದ ನೆರಳಿನಲ್ಲಿ ಕತ್ತಲೆ ಕತ್ತಲೆ. ಕೈಯ ನಡುಕವೂ ಇಪ್ಪತ್ತು ಪಟ್ಟು. ನನ್ನ ಹಳೆಯ ೮×೪೨ರಲ್ಲಿ ಆಲದ ಬುಡದಲ್ಲಿ ಮಲಗಿದ್ದ ಜಿಂಕೆಯ ರೆಪ್ಪೆಗೂದಲೂ ಕಂಡಿತು. ಕಾಡಿಗೆ ಹೋಗುವವರು ಏಳು ಅಥವಾ ಎಂಟು ಪಟ್ಟಿಗೆ ಮೇಲೆ ಆಸೆಪಡಬಾರದು. ಕನ್ನಡಕ ಹಾಕುವವರು ಕಣ್ಣಿನ ಎಡೆ ಹದಿನೈದು ಮಿಲಿಮೀಟರಿಗೆ ಮೇಲಿರುವುದನ್ನು ಕೇಳಿ ಕೊಳ್ಳಲಿ. ಮಕ್ಕಳ ಕೈಗೆ ಹಗುರವಾದ ೮×೩೨ ಸಾಕು.

ಚೆನ್ನೈಯವರು ಎಚ್ಚರವಹಿಸಬೇಕಾದ ಶತ್ರು ಬೂಷ್ಟು. ಮೂವತ್ತು ವರ್ಷದಲ್ಲಿ ನನ್ನ ಮೇಜಿಗೆ ಬಂದ ದುರ್ಬೀನುಗಳಲ್ಲಿ ಬಿದ್ದು ಒಡೆದವಕ್ಕಿಂತ ಬೂಷ್ಟು ಹಿಡಿದವೇ ಹೆಚ್ಚು. ಗಾಜಿನ ಮೇಲೆ ಜೇಡರಬಲೆಯಂತೆ ಎಳೆಯೆಳೆಯಾಗಿ ಹಬ್ಬಿ, ಬಿಟ್ಟರೆ ಲೇಪವನ್ನೇ ತಿಂದು ಗಾಜಿನಲ್ಲಿ ಗುರುತು ಉಳಿಸಿಬಿಡುತ್ತದೆ. ಆಮೇಲೆ ಒರಸಿ ಫಲವಿಲ್ಲ. ನಮ್ಮ ತಂದೆಯವರ ಸ್ಕೋಪಿಗೂ ಅದೇ ಗತಿ. ಜೋಪಾನವಾಗಿರಲೆಂದು ತೊಗಲಿನ ಚೀಲದಲ್ಲಿಟ್ಟು ಟ್ರಂಕಿಗೆ ಹಾಕಿದ್ದೇ ತಪ್ಪು. ತೊಗಲು ತೇವವನ್ನು ಹೀರಿ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಹಾಕಿ ದುರ್ಬೀನನ್ನಿಡಿ. ಹರಳುಗಳು ಬಣ್ಣಗೆಟ್ಟಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಆ ಬಾಣಲೆಯನ್ನು ಮಾತ್ರ ಅಡಿಗೆಗೆ ಹಿಂದಿರುಗಿಸಬೇಡಿ. ಎಲಿಯಟ್ಸ್ ಬೀಚಿಗೋ ಪಳವೇರ್ಕಾಡಿಗೋ ಹೋಗಿ ಬಂದರೆ ಉಪ್ಪುಗಾಳಿಯ ಪದರವನ್ನು ಮೊದಲು ಊದಿ, ಮೆತ್ತನೆಯ ಕುಂಚದಿಂದ ಕೊಡವಿ, ಆಮೇಲೆ ಒರಸಬೇಕು. ಪಂಚೆಯ ಚುಂಗಿನಿಂದ ನೇರವಾಗಿ ಉಜ್ಜಿದರೆ ಮರಳು ಗೀರುತ್ತದೆ. ಹವಾನಿಯಂತ್ರಿತ ಕಾರಿನಿಂದ ಇಳಿದೊಡನೆ ಗಾಜು ಮಬ್ಬಾಗುವುದು ಎಲ್ಲರಿಗೂ ಅನುಭವ. ಹತ್ತು ನಿಮಿಷ ಚೀಲದಲ್ಲೇ ಬಿಟ್ಟರೆ ಸರಿಹೋಗುತ್ತದೆ. ಅಳಿಯನಿಗೆ ಇದರ ತಿರುವುಮುರುವು: ಹೊರಗಿನ ಚಳಿಯಿಂದ ರೈಫಲ್ಲನ್ನು ಬೆಚ್ಚನೆಯ ಕೋಣೆಗೆ ತಂದರೆ ಅಲ್ಲಿ ಹಬೆ ಹಿಡಿಯುತ್ತದೆ. ಒಳಗೆ ಸಾರಜನಕ ತುಂಬಿ ಬಿಗಿದ ದುರ್ಬೀನುಗಳಲ್ಲಿ ಒಳಗಿನ ಹಬೆಯ ಕಾಟವಿಲ್ಲ, ಬೂಷ್ಟಿನ ಭಯವೂ ಬಹಳ ಕಡಿಮೆ. ಈ ಊರಿನಲ್ಲಿ ಕೊಳ್ಳು��ವರು ಆ ಒಂದು ಗುಣಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗಿಂಡಿಯಿಂದ ಹಿಂದಿರುಗುವಾಗ ಮಾತು ಎಂ. ಕೃಷ್ಣನ್ ಅವರ ಕಡೆಗೆ ಹೊರಳಿತು. ಮೈಲಾಪುರದಲ್ಲಿದ್ದ ಈ ಮಹನೀಯರು ೧೯೫೦ರಿಂದ ೧೯೯೬ರಲ್ಲಿ ತೀರಿಕೊಳ್ಳುವವರೆಗೆ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ಕಾಡುಪ್ರಾಣಿಗಳ ಅಂಕಣ ಬರೆದವರು. ಅದಕ್ಕೆ ಮೊದಲು ನಮ್ಮ ಬಳ್ಳಾರಿ ಸೀಮೆಯ ಸೊಂಡೂರು ಸಂಸ್ಥಾನದಲ್ಲಿ ಕೆಲಸದಲ್ಲಿದ್ದರು. ಕೈಯಾರೆ ಜೋಡಿಸಿದ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯುತ್ತಿದ್ದರು. ಅಳಿಯ ಕೇಳಿಸಿಕೊಂಡ, ಏನೂ ಹೇಳಲಿಲ್ಲ. ಆಂಡರ್ಸನ್ ಹುಲಿ ಹುಡುಕಿಕೊಂಡು ಅಲೆದ ದೇಂಕಣಿಕೋಟೆ, ಜವಳಗಿರಿಯ ಕಾಡುಗಳೂ ೨೦೧೪ರಿಂದ ಕಾವೇರಿ ಉತ್ತರ ವನ್ಯಧಾಮಕ್ಕೆ ಸೇರಿವೆ ಎಂದೆ. “ತಾತನ ಕಾಡಿಗೆ ಬೀಗ ಬಿತ್ತು ಅನ್ನಿ” ಎಂದು ನಕ್ಕ.

ಡಿಸೆಂಬರಿನಲ್ಲಿ ಫೋನು ಬಂತು. ಒಂದೂವರೆಯಿಂದ ಐದು ಪಟ್ಟಿನ ಸ್ಕೋಪು ಕೊಂಡಿದ್ದ. ಜೋಡು ದುರ್ಬೀನನ್ನೂ ಕೊಂಡಿದ್ದ. ಮೊದಲ ದಿನ ಬೆಳಿಗ್ಗೆ ನಲವತ್ತು ಗಜದಲ್ಲಿ ಗಂಡುಜಿಂಕೆಯೊಂದು ಅಡ್ಡ ಬಂದು ನಿಂತಿತಂತೆ. ಭುಜ ಸ್ಪಷ್ಟವಾಗಿ ಕಂಡಿತು; ಭುಜದ ಮುಂದೆ ಒಂದು ಕೊಂಬೆಯೂ ಅಷ್ಟೇ ಸ್ಪಷ್ಟವಾಗಿ ಕಂಡಿತು. ಬಿಟ್ಟ. ಎರಡನೆಯ ದಿನ ಸಂಜೆ ಇನ್ನೊಂದು ಬಂತು. ದುರ್ಬೀನಿನಲ್ಲಿ ಎಣಿಸಿದರೆ ಕವಲು ಎರಡೇ. ಮೂರನೆಯ ದಿನ ಮಳೆ. ಬರಿಗೈಯಲ್ಲಿ ಮನೆಗೆ ಬಂದನಂತೆ. ಅಕ್ಕ ಫೋನನ್ನು ಕಿವಿಗಿಟ್ಟುಕೊಂಡು ಎಲ್ಲವನ್ನೂ ಕೇಳಿ, “ಶೀತ ಗೀತ ಆಗಿಲ್ಲ ತಾನೇ?” ಎಂದಷ್ಟೇ ಕೇಳಿದಳು. ಆ ರಾತ್ರಿ ಊಟಕ್ಕೆ ಶಾವಿಗೆ ಪಾಯಸವಿತ್ತು. ಬರುವ ವರ್ಷ ಮತ್ತೆ ಹೋಗುತ್ತೇನೆಂದು ಅವನು ಹೇಳಿದ್ದನ್ನು ನಾನೂ ಎತ್ತಲಿಲ್ಲ.

ಸಂಕ್ರಾಂತಿಯ ಮರುವಾರ ಅಕ್ಕನೇ ಹೊರಡಿಸಿದಳು: ವೇದಂತಾಂಗಲಿಗೆ. ಚೆನ್ನೈಯಿಂದ ಎಂಬತ್ತು ಕಿಲೋಮೀಟರಿನೊಳಗಿರುವ ಆ ಕೆರೆಯ ಹಕ್ಕಿಗಳನ್ನು ಊರವರು ತಲೆತಲಾಂತರದಿಂದ ಕಾಯುತ್ತ ಬಂದಿದ್ದಾರೆ. ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಗೊಬ್ಬರ. ಹದಿನೆಂಟನೆಯ ಶತಮಾನದ ಕೊನೆಗೆ ಬಿಳಿಯ ಸಿಪಾಯಿಗಳು ಬಂದು ಹಕ್ಕಿ ಹೊಡೆಯತೊಡಗಿದಾಗ ಈ ರೈತರು ಚೆಂಗಲ್ಪಟ್ಟಿನ ಕಲೆಕ್ಟರನ ಬಳಿಗೆ ಹೋಗಿ ದೂರು ಕೊಟ್ಟು, ೧೭೯೮ರಲ್ಲಿ ತಮ್ಮ ಹಕ್ಕನ್ನು ಬರಹದಲ್ಲಿ ಪಡೆದುಕೊಂಡರು. ನಾವು ಹೋದಾಗ ಬಾಯ್ಕಳಕ, ಚಮಚಕೊಕ್ಕಿನ ಹಕ್ಕಿ, ನೀರುಕಾಗೆ, ಹೆಜ್ಜಾರ್ಲೆಗಳಿಂದ ನೀರಿನ ನಡುವಣ ಮರಗಳು ತುಂಬಿಹೋಗಿದ್ದವು. ಏರಿಯ ಮೇಲೆ ನಿಂತು ಅಕ್ಕನಿಗೆ ೮×೪೨ ಕೊಟ್ಟು, ಕಣ್ಣುಗಳ ಅಂತರಕ್ಕೆ ಸರಿಯಾಗಿ ಬಗ್ಗಿಸಿ, ಬಲಗಣ್ಣಿನ ಉಂಗುರವನ್ನು ತಿರುಗಿಸಿ ಹೊಂದಿಸಿಕೊಟ್ಟೆ. ಒಂದು ನಿಮಿಷ ಮಾತಿಲ್ಲ.

“ಅಗೋ! ಆ ಗೂಡಿನಲ್ಲಿ ಮರಿ ಬಾಯಿ ತೆರೀತಿದೆ ಕಣೋ. ಗಂಟಲೊಳಗೂ ಕಾಣಿಸ್ತದೆ.”

“ಎಲ್ಲಿ, ಕೊಡು ನೋಡೋಣ” ಎಂದು ಕೈ ಚಾಚಿದೆ.

“ನೀನು ಬೇಕಾದಷ್ಟು ನೋಡಿದ್ದೀಯ” ಎಂದಳು. ಸಂಜೆ ಚೆಂಗಲ್ಪಟ್ಟಿನಲ್ಲಿ ಕಾಫಿಗೆ ಇಳಿದಾಗಲೂ ಅದರ ಪಟ್ಟಿ ಅವಳ ಕೊರಳಲ್ಲೇ ಇತ್ತು.